ಕೊಬ್ಬರಿ ಅಜ್ಜನ ನಾಟಕ ಆರಿಸಿದ ವರ್ಷ

ಮಕ್ಕಳಿಗೆ ಯಾವ ನಾಟಕ ತರಿಸಬೇಕು ಎಂದು ತೀರ್ಮಾನಿಸುವ ಕೆಲಸಕ್ಕೆ ನಾನು ಬಂದದ್ದು ಬಟ್ಟೆ ಹೊಲಿಯುವ ದಾರಿಯಿಂದ. ತಿಪಟೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿ. ಶಾಲೆಯ ವಾರ್ಷಿಕೋತ್ಸವಕ್ಕೆ ರಾಜನ ಅಂಗಿ, ಮಂತ್ರಿಯ ಪೇಟ, ನವಿಲಿನ ಬಾಲ ಎಲ್ಲವನ್ನೂ ನಾನೇ ಹೊಲಿದುಕೊಡುತ್ತಿದ್ದೆ. ಅಳತೆ ತೆಗೆಯಲು ಹೋದಾಗ ಕಥೆ ಕಿವಿಗೆ ಬೀಳುತ್ತಿತ್ತು, ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ನಿಮ್ಮ ರಾಜ ಇಷ್ಟುದ್ದ ಮಾತಾಡಿದ್ರೆ ಮಕ್ಳು ಎದ್ದೋಗ್ತಾವೆ ಕಣ್ರೀ" ಎಂದು ಮೇಷ್ಟ್ರಿಗೇ ಹೇಳಿದ್ದುಂಟು. ಮುಂದೆ ನಾವು ಕೆಲವು ಪೋಷಕರು ಸೇರಿ, ವರ್ಷಕ್ಕೊಮ್ಮೆ ಹೊರಗಿನ ತಂಡ ಕರೆಸಿ ಮಕ್ಕಳಿಗೆ ನಾಟಕ ತೋರಿಸೋಣ ಎಂದುಕೊಂಡಾಗ, ಇಷ್ಟು ಬಾಯಿ ಹಾಕುವವಳು ಇವಳೇ ಆರಿಸಲಿ ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಅದರಲ್ಲೇನು ಮಹಾ ಎಂದುಕೊಂಡಿದ್ದೆ. ಮೊದಲ ವರ್ಷ ತಂಡದವರು ಫೋನಿಗೆ ಕಳಿಸಿದ ವಿಡಿಯೋದಲ್ಲಿ ಒಬ್ಬ ರಾಕ್ಷಸನಿದ್ದ. ಅವನ ನಿಲುವಂಗಿಯ ಹೊಲಿಗೆ, ಜರಿಯ ಅಂಚು, ತೋಳಿನ ನೆರಿಗೆ ನೋಡಿ ಮರುಳಾಗಿ ಅದೇ ನಾಟಕ ಆರಿಸಿದೆ. ಆ ರಾಕ್ಷಸ ರಂಗದ ಮೇಲೆ ಬಂದು ಒಂದು ಸಲ ಆರ್ಭಟಿಸಿದ್ದಷ್ಟೇ, ಮುಂದಿನ ಸಾಲಿನ ಪುಟಾಣಿಗಳೆಲ್ಲ ಒಟ್ಟಿಗೆ ಅಳಲು ಶುರು ಮಾಡಿದವು. ಅವುಗಳಲ್ಲಿ ನನ್ನ ಮಗನದೇ ದೊಡ್ಡ ದನಿ. ಕೊನೆಗೆ ರಾಕ್ಷಸನೇ ಮುಖವಾಡ ಕಳಚಿ, ಕೆಳಗಿಳಿದು ಬಂದು, ಒಬ್ಬೊಬ್ಬರ ಕಣ್ಣೊರೆಸಿ ಸಮಾಧಾನ ಮಾಡಬೇಕಾಯಿತು.

ಎರಡನೆಯ ವರ್ಷ ಹುಷಾರಾದೆ. ಹೈಸ್ಕೂಲು ಮಕ್ಕಳಿಗೆಂದು ಮೊಬೈಲಿನ ಕೆಡುಕಿನ ಬಗ್ಗೆ ಒಂದು ನಾಟಕ ಹುಡುಕಿದೆ. ತಂದೆತಾಯಿಗಳಿಗೆ ಎಲ್ಲಿಲ್ಲದ ಖುಷಿ, ಮಾತುಮಾತಿಗೂ ಚಪ್ಪಾಳೆ. ಯಾರಿಗೋಸ್ಕರ ಆಡಿಸಿದ್ದೆವೋ ಆ ಮಕ್ಕಳು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಆಗ ನನ್ನ ಮಗಳು ಎಂಟನೇ ಕ್ಲಾಸು. ಹೊರಗೆ ಬಂದವಳೇ ಮುಖ ಊದಿಸಿಕೊಂಡು ಹೇಳಿದಳು: "ಮನೇಲಿ ನೀನು ಬೈಯೋದು ಸಾಲ್ದು ಅಂತ ದೂರದಿಂದ ಜನ ಕರೆಸಿ ಬೈಸ್ತೀಯಲ್ಲಮ್ಮ. ಇನ್ಮೇಲೆ ನಾಟ್ಕಕ್ಕೆ ನನ್ನ ಕರೀಬ್ಯಾಡ."

ನನಗೆ ಕೋಪ ಬಂತು, ಆಮೇಲೆ ನಿಜವಾಗಿಯೂ ಸಂಕಟವಾಯಿತು. ಅವಳು ಮೂರು ವರ್ಷದ ಮಗುವಾಗಿದ್ದಾಗಿನಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲಿ ನಾಟಕವಿದ್ದರೂ ನಾವಿಬ್ಬರೂ ಜೊತೆಯಾಗಿ ಹೋಗಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಎಲ್ಲ ಪಾತ್ರಗಳ ಮಾತನ್ನೂ ಹೇಳುತ್ತಿದ್ದಳು, ಕಂಡಕ್ಟರು ಟಿಕೆಟ್ ಕೇಳಿದರೆ ರಾಣಿಯ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಆ ಜೊತೆ ನನ್ನ ಕೈಯಾರೆ ತಪ್ಪಿಹೋಯಿತಲ್ಲ ಎಂದು ಎಷ್ಟೋ ದಿನ ಒಳಗೊಳಗೇ ನೊಂದೆ. ಮೂರನೆಯ ವರ್ಷ ಬರುವ ಹೊತ್ತಿಗೆ ಗೋಗರೆದು ಒಪ್ಪಿಸಿದೆ. ಅವಳದೊಂದು ಷರತ್ತು: "ಇದೊಂದು ಸಲ ಬತ್ತೀನಿ. ಚೆನ್ನಾಗಿಲ್ದಿದ್ರೆ ಮುಂದಕ್ಕೆ ನೀನು ಕೇಳಂಗಿಲ್ಲ." ನಾನು ಹೂಂ ಎಂದೆ.

ಹಾಗಾಗಿ ಆ ವರ್ಷ ಮೈಯೆಲ್ಲ ಕಣ್ಣಾಗಿ ಹುಡುಕಿದೆ. ಬುದ್ಧಿವಾದವಿದ್ದ ನಾಟಕಗಳನ್ನೆಲ್ಲ ಪಕ್ಕಕ್ಕಿಟ್ಟೆ. ಉತ್ತರದ ಜೋಳದ ಸೀಮೆಯ ಒಂದು ತಂಡದ ಹತ್ತಿರ ಮಾವಿನ ತೋಟದ ಅಜ್ಜನ ಕಥೆಯಿತ್ತು. ಮೊಮ್ಮಗಳು ದೂರದ ಹಾಸ್ಟೆಲಿಗೆ ಹೊರಟಿದ್ದಾಳೆ, ಅಜ್ಜ ಅವಳಿಗೆ ಮರದಿಂದ ಒಂದು ಹಣ್ಣು ಕಿತ್ತು ಕೊಟ್ಟು ಕಳಿಸುತ್ತಾನೆ. ಇಷ್ಟೇ ಕಥೆ, ದಾರಿಯುದ್ದಕ್ಕೂ ನಗು. ಓದಿದೊಡನೆ ಮನಸ್ಸಿಗೆ ಹಿಡಿಸಿತು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿ, "ನಮ್ಮ ಮಕ್ಳೆಲ್ಲ ತೆಂಗಿನ ತೋಟದಲ್ಲಿ ಬೆಳೆದೋರು ಕಣ್ರೀ, ಮಾವು ಬ್ಯಾಡ, ತೆಂಗು ಮಾಡ್ಕಳಿ, ಹಣ್ಣಿನ ಬದ್ಲು ಕೊಬ್ರಿ ಕೊಡ್ಲಿ" ಎಂದೆ. ಪಾಪ, ಸಂಭಾವಿತ ಮನುಷ್ಯ. "ಆತ್ರೀ ಮೇಡಂ, ಹಂಗ ಮಾಡೋಣು" ಎಂದರು.

ನಾಟಕದ ದಿನ ಸಮುದಾಯ ಭವನ ಕಿಕ್ಕಿರಿದಿತ್ತು. ಅರಳಗುಪ್ಪೆ, ಕಂದಿಕೆರೆ ಕಡೆಯಿಂದಲೂ ಮಕ್ಕಳು ವ್ಯಾನುಗಳಲ್ಲಿ ಬಂದಿದ್ದರು. ನನ್ನ ಮಗಳು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲೇ, ಯಾವ ಗಳಿಗೆಯಲ್ಲಾದರೂ ಎದ್ದುಹೋಗಲು ತಯಾರಾದವಳಂತೆ ಕೈಕಟ್ಟಿ ಕೂತಳು. ನಾನು ಗೋಡೆಗೊರಗಿ ನಿಂತು ಕಂಡ ದೇವರಿಗೆಲ್ಲ ಕೈಮುಗಿದೆ.

ಮೊದಲರ್ಧ ಸಲೀಸಾಗಿ ಹೋಯಿತು. ಆಮೇಲೆ ಮೊಮ್ಮಗಳು ಪೆಟ್ಟಿಗೆ ಹಿಡಿದು ಹೊರಟು ನಿಂತಳು. ಅಜ್ಜ ಬಟ್ಟೆಯಲ್ಲಿ ಮಾಡಿದ ತೆಂಗಿನ ಮರದಿಂದ ಒಂದು ಕಾಯಿ ಕಿತ್ತ, ಮರದ ಹಿಂದಕ್ಕೆ ಹೋಗಿ ಒಡೆದಂತೆ ಸದ್ದು ಮಾಡಿದ, ದುಂಡಗಿನ ಒಣ ಕೊಬ್ಬರಿ ಹಿಡಿದು ಬಂದು, "ತಗೋ ಮಗಳೇ, ಈಗ ತಾನೇ ಕಿತ್ತದ್ದು" ಎಂದ. ನಾವು ಕಾಯಿಯನ್ನು ಸಿಪ್ಪೆ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಪೂರ್ತಿ ಇಂಗಿದ ಮೇಲೆ ಉಂಡೆ ಕೊಬ್ಬರಿ ತೆಗೆಯುವವರು. ಇದು ಇಲ್ಲಿ ಮಾತು ಕಲಿತ ಮಗುವಿಗೂ ಗೊತ್ತು. ಹಣ್ಣಿನ ಜಾಗದಲ್ಲಿ ಕೊಬ್ಬರಿ ಇಡಿ ಎಂದ ನನಗೆ ಮಾತ್ರ ಫೋನ್ ಮಾಡುವಾಗ ಇದು ಹೊಳೆದಿರಲಿಲ್ಲ. "ಅಟ್ಟಕ್ಕೆ ಹಾಕ್ದೇನೇ ಕೊಬ್ರಿ ಆಗೋಯ್ತಾ?" ಎಂದು ಮುಂದಿನ ಸಾಲಿನಿಂದ ಯಾವುದೋ ಮಗು ಕೇಳಿತು. ಇಡೀ ಭವನ ಬಿದ್ದು ಬಿದ್ದು ನಕ್ಕಿತು. ಅಜ್ಜನ ಪಾತ್ರದವರು ಕೊಬ್ಬರಿ ಹಿಡಿದು ಪೆಚ್ಚಾಗಿ ನಿಂತುಬಿಟ್ಟರು. ಮುಗಿಯಿತು ನನ್ನ ಕಥೆ ಎಂದು ಬಾಗಿಲ ಕಡೆ ನೋಡಿದೆ. ಮಗಳು ಎದ್ದು ನಿಂತಿದ್ದಳು.

ಅವಳು ಹೊರಗೆ ಹೋಗಲಿಲ್ಲ. "ಅಜ್ಜ, ಇವತ್ತು ಕಿತ್ತ ಕಾಯಿ ಇವತ್ತೇ ಕೊಬ್ರಿ ಆಗಲ್ಲ ಕಣಜ್ಜ" ಎಂದು ಅಲ್ಲಿಂದಲೇ ಕೂಗಿದಳು. ಅಜ್ಜ ಗಟ್ಟಿಗರು. ಪಾತ್ರ ಬಿಡದೆ ಸೊಂಟ ಹಿಡಿದುಕೊಂಡು, "ನನಗೆ ವಯಸ್ಸಾಯ್ತು, ಮರೆವು. ನೀನೇ ಬಂದು ಹೇಳಿಕೊಡವ್ವ" ಎಂದರು. ಸಾಲುಗಳ ನಡುವೆ ನಡೆದು ರಂಗದ ಮೇಲೆ ಹತ್ತಿದಳು ನೋಡಿ ನನ್ನ ಮಗಳು. ಅಲ್ಲಿದ್ದ ಇನ್ನೊಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, "ನೀರು ಸದ್ದು ಮಾಡ್ತೈತೆ. ಇನ್ನೂ ಒಣಗಿಲ್ಲ" ಎಂದಳು.

"ಇವಳಿಗೆ ಬಸ್ಸಿಗೆ ಹೊತ್ತಾಯ್ತಲ್ಲ, ಬರಿಗೈಲಿ ಹೆಂಗೆ ಕಳಿಸಲಿ?" ಅಜ್ಜ ಕೇಳಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮಗಳು ಆ ಕಾಯಿಯನ್ನು ಅಜ್ಜನ ಕೈಗೆ ಕೊಟ್ಟಳು. "ಬರಿಗೈಲೇ ಕಳ್ಸು ಬುಡಜ್ಜ. ಕಾಯಿ ಅಟ್ಟದ ಮೇಲೆ ಹಾಕಿರು. ಅದು ಒಣಗೋ ಹೊತ್ಗೆ ಅವ್ಳೇ ಬತ್ತಾಳೆ."

ಮೊಮ್ಮಗಳ ಪಾತ್ರದ ಹುಡುಗಿ ಪೆಟ್ಟಿಗೆ ಕೆಳಗಿಟ್ಟು ಅಜ್ಜನನ್ನು ತಬ್ಬಿಕೊಂಡಳು. ಅದು ಅವರ ನಾಟಕದಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮುಗಿದ ಮೇಲೆ ತಂಡದ ಮುಖ್ಯಸ್ಥರು ಬಂದು, ಇನ್ನು ಮೇಲೆ ತೆಂಗಿನ ತೋಟ ಇಟ್ಟುಕೊಂಡು ಹೀಗೆಯೇ ಆಡುತ್ತೇವೆ ಎಂದಾಗ ನಾನು ಬೀಗಿದ್ದಕ್ಕೆ ಲೆಕ್ಕವೇ ಇಲ್ಲ.

ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ತಡೆಯಲಾರದೆ, ನಾಟಕ ಹೇಗಿತ್ತು ಎಂದು ಕೇಳಿದೆ. "ಸುಮಾರಾಗಿತ್ತು" ಎಂದಳು ಹಿಂದಿನಿಂದ. ಒಂದು ಮೈಲಿ ಹೋದ ಮೇಲೆ ತಾನಾಗಿಯೇ ಹೇಳಿದಳು: "ಮುಂದಿನ್ ವರ್ಷ ನಾನೇ ಆರಿಸ್ತೀನಿ. ನೀನು ಫೋನ್ ಮಾಡಿ ಅದು ಸೇರ್ಸಿ, ಇದು ತೆಗೀರಿ ಅನ್ಬಾರ್ದು. ಆಮೇಲೆ ನಾನು ಫ್ರೆಂಡ್ಸ್ ಜೊತೆ ಕುಂತ್ಕಳ್ತೀನಿ. ಬೇಜಾರ್ ಮಾಡ್ಕಬ್ಯಾಡ."

ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ವರ್ಷದ ನಾಟಕ ಅವಳೇ ಆರಿಸಿದ್ದು. ನನಗೆ ಅರ್ಧ ಅರ್ಥವಾಗಲಿಲ್ಲ, ಮಕ್ಕಳೆಲ್ಲ ಕುರ್ಚಿಯಲ್ಲಿ ಕುಣಿಯುತ್ತಿದ್ದರು. ಅವಳು ಗೆಳತಿಯರ ನಡುವೆ, ನಾನು ನಾಲ್ಕು ಸಾಲು ಹಿಂದೆ ಮಗನ ಜೊತೆ. ನಗು ಬರುವ ಜಾಗ ಬಂದಾಗಲೆಲ್ಲ ಅವಳು ಕತ್ತು ಹೊರಳಿಸಿ, ಸಾಲುಗಳ ನಡುವೆ ನನ್ನ ಮುಖ ಹುಡುಕಿ, ನಾನು ನಗುತ್ತಿದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದಳು.