ಮಧ್ಯಾಹ್ನ ಮೂರರ ನಂಬರು

ತಿರುಪ್ಪೂರಿನ ನಮ್ಮ ಓಣಿಯಲ್ಲಿ ಸಿಮ್ ಮಾರುತ್ತಿದ್ದ ಆತ ಎರಡು ಕಂಪನಿಗಳ ಎರಡು ಫೋನುಗಳನ್ನು ಅಂಗೈಗಳಲ್ಲಿಟ್ಟುಕೊಂಡು, ತುಂಬಿದ ಲೋಟ ಹಿಡಿದವನಂತೆ ಕೋಣೆಯ ಮೂಲೆಮೂಲೆಗೂ ನಡೆದು ಡೇಟಾದ ವೇಗ ಅಳೆಯುತ್ತಿದ್ದ. ಆಮೇಲೆ ತಮಿಳು ಬೆರೆತ ತನ್ನ ಮನೆಗನ್ನಡದಲ್ಲಿ, "ನನ್ನ ನಂಬ್ಬೇಡ ಅಮ್ಮಣಿ, ನಂಬರ್ ನೋಡು" ಎನ್ನುತ್ತಿದ್ದ.

ಜ್ವರವೆಂದು ನಾನು ರಜೆ ಹಾಕಿದ್ದ ಮಧ್ಯಾಹ್ನ ನನ್ನ ಕೋಣೆಯನ್ನೂ ಅಳೆದ. ಮೈಸೂರಿನ ಕಡೆ ಅವ್ವನ ಹತ್ತಿರ ಬಿಟ್ಟುಬಂದ ಮಗಳನ್ನು ದಿನಾ ವಿಡಿಯೊದಲ್ಲಿ ನೋಡುವ ಆಸೆಗೆ, ಗೆದ್ದ ಕಂಪನಿಯ ಸಿಮ್ ತೆಗೆದುಕೊಂಡೆ. ಆದರೆ ಅವನು ಅಳೆದಾಗ ಓಣಿಯ ಜನರೆಲ್ಲ ಬನಿಯನ್ ಕಂಪನಿಗಳ ಒಳಗಿದ್ದರು. ಸಂಜೆ ಶಿಫ್ಟು ಬಿಟ್ಟೊಡನೆ ಎಲ್ಲರೂ ಒಟ್ಟಿಗೇ ತಂತಮ್ಮ ಊರಿಗೆ ವಿಡಿಯೊ ಕರೆ ಮಾಡುತ್ತಿದ್ದರು. ಮಗಳ ಮುಖ ಅರ್ಧ ನಗುವಿನಲ್ಲೇ ನಿಂತುಬಿಡುತ್ತಿತ್ತು.

"ಅಣ್ಣಾ, ಒಂದ್ಸಲ ಸಂಜೆ ಬಂದು ಅಳೀರಿ" ಎಂದೆ.

"ಸಾಯಂಕಾಲ ಅಂಗಡೀಲಿ ಕೂಟ್ಟಂ, ಜನವೋ ಜನ, ಆಗಲ್ಲ ಅಮ್ಮಣಿ."

ಮರುದಿನ ಕೆಲಸ ಮುಗಿಸಿ ಬಂದಾಗ ಬಾಗಿಲ ಕೆಳಗೆ ಅವನ ಚೀಟಿಯಿತ್ತು. ಮಧ್ಯಾಹ್ನ ಮೂರಕ್ಕೆ, ಬೀಗ ಹಾಕಿದ ಬಾಗಿಲ ಹೊರಗೇ ನಿಂತು ಅಳೆದು ಬರೆದಿದ್ದ. ನಂಬರು ಮೊದಲಿಗಿಂತ ಜಾಸ್ತಿಯೇ ಇತ್ತು.

ಚೀಟಿ ಹಿಡಿದುಕೊಂಡೇ ಊರಿಗೆ ಕರೆ ಮಾಡಿದೆ. ಚಿತ್ರ ನಿಂತಿತು, ಮಗಳ ದನಿ ಮಾತ್ರ ಬಂತು:

"ಅಜ್ಜಿ, ಅಮ್ಮ ಮತ್ತೆ ಫೋಟೊ ಆದ್ಲು. ನಾನು ಆಡಕ್ಕೆ ಹೋಗ್ತೀನಿ."