ಕೆಂಪು ನೆಲದ ಮೇಲೆ ಕೊಯ್ದ ನಿಂಬೆಹಣ್ಣು

ನನ್ನ ತಮ್ಮ ಬೋರ್‌ವೆಲ್ ಕೊರೆಯುವ ಲಾರಿಯ ಜೊತೆ ಘಾನಾ ದೇಶದ ಉತ್ತರ ಭಾಗಕ್ಕೆ ಹೋಗಿದ್ದ. ಥೇಟ್ ನಮ್ಮ ಗುಬ್ಬಿ ಕಡೆಯ ಹಾಗೇ ಕೆಂಪು ಮಣ್ಣು, ಬಟಾಬಯಲು, ವರ್ಷಕ್ಕೊಂದೇ ಮಳೆಗಾಲ, ತೆಂಗು ಮಾತ್ರ ಇಲ್ಲ ಅನ್ನುತ್ತಿದ್ದ. ಕುಡಿಯುವ ನೀರಿಗೆ ಹೆಂಗಸರು ಊರಾಚೆಯ ಗುಂಡಿಗೆ ಹೋಗಬೇಕಂತೆ. ಅಲ್ಲಿನ ಆಡಳಿತವೇ ಅವನಿಗೆ ತಲೆನೋವು. ಜಿಲ್ಲಾ ಕಚೇರಿ ಒಪ್ಪಿದರೂ ಊರಿನ ಮುಖ್ಯಸ್ಥ ಒಪ್ಪಬೇಕು. ಅವನು ಹೂಂ ಅಂದರೂ ನೆಲದ ಮೇಲೆ ಅವನ ಮಾತು ನಡೆಯುವುದಿಲ್ಲ. ಭೂಮಿಯ ಪೂಜಾರಿ ಅಂತ ಒಬ್ಬ ಹಿರಿಯರಿರುತ್ತಾರೆ, ಅವರು ಕೋಳಿ ಕೊಯ್ದು ನೆಲವನ್ನು ಕೇಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಾವು ನಗಾಡಿಕೊಂಡಿದ್ದೆವು.

ಒಂದು ದಿನ ಸಂಜೆ ತುಮಕೂರಿನ ನಮ್ಮ ಮನೆಗೆ ಅವನ ವಿಡಿಯೋ ಕಾಲ್ ಬಂತು. ಮುಖ ಬಿಳಿಚಿಕೊಂಡಿತ್ತು. ಮೂವರ ಒಪ್ಪಿಗೆಯನ್ನೂ ಪಡೆದೇ ಲಾರಿ ನಿಲ್ಲಿಸಿದ್ದನಂತೆ. ಆದರೆ ಪೂಜೆ ಮಾಡದೆ ನೆಲ ಕೊರೆದು ಅವನಿಗೆ ಗೊತ್ತಿಲ್ಲವಲ್ಲ! ಬೆಳಗ್ಗೆ ಬೋರ್ ಕೊರೆಯುವ ಪಾಯಿಂಟಿನ ಹತ್ತಿರ ಅಮ್ಮ ಕಳಿಸಿದ್ದ ಕುಂಕುಮ ಚೆಲ್ಲಿ, ನಿಂಬೆಹಣ್ಣು ಕೊಯ್ದು ಎರಡು ಹೋಳು ಇಟ್ಟು ಕೈಮುಗಿದಿದ್ದ. ನೀರೂ ಬಂದಿತ್ತು. ಹೆಂಗಸರು ಓಡಿ ಬಂದರು. ಅಷ್ಟರಲ್ಲಿ ಯಾರೋ ಆ ಕೆಂಪು ಪುಡಿ, ಆ ಹೋಳುಗಳನ್ನು ನೋಡಿದರು.

ನೀರು ಮುಟ್ಟಬೇಡಿ ಅಂತ ಕೂಗೆದ್ದಿತಂತೆ. ಲಾರಿ ಕೀ ಕಿತ್ತುಕೊಂಡು, ಇವನನ್ನು ಮರದಡಿ ಕೂರಿಸಿ, ಸುತ್ತ ಜನ ನಿಂತುಬಿಟ್ಟಿದ್ದರು. ಪೊಲೀಸರು ಬರಬೇಕೆಂದರೆ ದೂರದ ಜಿಲ್ಲಾ ಕೇಂದ್ರದಿಂದ ಬರಬೇಕು. ನಮ್ಮ ನೆಲಕ್ಕೆ ಏನು ಮಾಡಿದೆ, ಯಾರು ಕಲಿಸಿದರು ಅಂತ ಭೂಮಿಯ ಪೂಜಾರಿ ಕೇಳುತ್ತಿದ್ದರು. ಅಮ್ಮ ಕಲಿಸಿದ್ದು ಅಂದನಂತೆ. ಹಾಗಾದರೆ ಅಮ್ಮನನ್ನೇ ತೋರಿಸು ಅಂದರು.

ಫೋನು ಆ ಹಿರಿಯರ ಮುಂದೆ ಹೋಯಿತು. ಅವರ ಮಾತನ್ನು ಅಲ್ಲಿನ ಡ್ರೈವರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾನು ಅಮ್ಮನಿಗೆ ಕನ್ನಡದಲ್ಲಿ. ಇದು ನಮ್ಮ ಸಂಪ್ರದಾಯ, ಕೆಟ್ಟದ್ದೇನಲ್ಲ ಅಂದುಬಿಡು ಅಂತ ಅಮ್ಮನಿಗೆ ಪಿಸುಗುಟ್ಟಿದೆ. ಹಿರಿಯರು ಕೇಳಿದ್ದು ಇಷ್ಟೇ: ನಿಮ್ಮ ಹೊಲದಲ್ಲಿ ಯಾರೋ ಹೊರಗಿನವನು ಬಂದು ಹೀಗೆ ಮಾಡಿದರೆ ನೀವೇನು ಮಾಡುತ್ತೀರಿ?

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಡಬದ ನಮ್ಮ ತೋಟದ ಬೇಲಿಯಲ್ಲಿ ಹಾಗೊಂದು ನಿಂಬೆಹಣ್ಣು ಬಿದ್ದಿದ್ದರೆ ಮಾಟ ಮಾಡ್ಸವ್ರೆ ಅಂತ ಊರನ್ನೇ ಎಬ್ಬಿಸುವವಳು ಅವಳು.

“ನಾನೂ ಬುಡ್ತಿರ್ಲಿಲ್ಲ ಕಣಪ್ಪ,” ಅಂದಳು. “ಅವನ್ನ ಅಲ್ಲೇ ಕಟ್ಟಾಕ್ತಿದ್ದೆ.”

ಅಯ್ಯೋ, ಇದನ್ನು ಹೇಗೆ ಹೇಳಲಿ? ಮಗ ಅವರ ಕೈಯಲ್ಲಿದ್ದಾನೆ! ಅಮ್ಮನ ಮೇಲೆ ಉರಿದುಹೋಯಿತು. ಅವಳು ನನ್ನ ಮೊಣಕೈ ತಿವಿದಳು. “ಅಂದಂಗೇ ಹೇಳೇ. ಸುಳ್ಳು ಸೇರಿಸ್ಬ್ಯಾಡ.”

ಅಂದ ಹಾಗೇ ಹೇಳಿದೆ. ಹಿರಿಯರು ಫೋನನ್ನು ಹತ್ತಿರ ಹಿಡಿದು ಅಮ್ಮನ ಮುಖ ನೋಡಿದರು. ಆಮೇಲೆ ಸುತ್ತ ನಿಂತ ಜನರತ್ತ ತಿರುಗಿ ಏನೋ ಅಂದರು. ಕೀ ತಮ್ಮನ ಕೈಗೆ ಬಂತು. ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು.

ಜಿಲ್ಲಾ ಕೇಂದ್ರ ಮುಟ್ಟಿದ ಮೇಲೆ ತಮ್ಮ ಮತ್ತೆ ಫೋನ್ ಮಾಡಿದ. ಬಿಟ್ಟರಲ್ಲ, ಇನ್ಯಾಕೆ ಸಪ್ಪಗಿದ್ದೀಯ ಅಂತ ಗದರಿದೆ.

“ಬೋರು ಮುಚ್ಚಾಕಿದ್ರು ಕಣಕ್ಕಾ. ನೀರು ಹಿಡಿಯಕ್ಕೆ ಬಂದಿದ್ದ ಹೆಂಗಸ್ರೇ ಮಣ್ಣು ಹೊತ್ತು ಹಾಕಿದ್ರು. ಸಿಹಿ ನೀರಿತ್ತು.”