ತೊಳೆದಿಟ್ಟ ಬಿತ್ತನೆ ರಾಗಿ

೧೯೭೪ನೇ ಇಸವಿ. ವಿಜಯನಗರ ಬಡಾವಣೆಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟರು, ನನ್ನದು ಮನೆವಾರ್ತೆ. ರಜೆಯೂ ವರ್ಗಾವಣೆಯೂ ಇಲ್ಲದ ಈ ಉದ್ಯೋಗವನ್ನು ಶಿವನ ದಯದಿಂದ ನಲವತ್ತು ವರ್ಷಕ್ಕೂ ಮೀರಿ ಮಾಡಿದ್ದೇನೆ. ಹಾಲು ಉಕ್ಕಿಸಿದ್ದು, ಒಗ್ಗರಣೆ ಸೀಯಿಸಿದ್ದು ಯಾವುದೂ ನೆನಪಿಲ್ಲ. ಒಂದು ತಪ್ಪು ಮಾತ್ರ ನೆನೆದರೆ ಈಗಲೂ ಎದೆ ಡವಗುಟ್ಟುತ್ತದೆ.

ಎದುರು ಸೈಟಿನಲ್ಲಿ ಮನೆ ಏಳುತ್ತಿತ್ತು. ಮಧುಗಿರಿ ಸೀಮೆಯಿಂದ ಬಂದ ಕೆಲಸದವರು ಪಕ್ಕದಲ್ಲೇ ತಗಡಿನ ಶೆಡ್ ಹಾಕಿಕೊಂಡಿದ್ದರು. ರಾಗಿ ಒಕ್ಕಣೆ ಮುಗಿಸಿ ಬರುವುದು, ಮುಂಗಾರು ಶುರುವಾದರೆ ಬಿತ್ತಲು ಊರಿಗೆ ಹೋಗುವುದು, ಇದು ಅವರ ಪದ್ಧತಿ. ಮೊದಲೆಲ್ಲ ಗಂಡಸರಷ್ಟೇ ಬರುತ್ತಿದ್ದರಂತೆ. ಆ ವರ್ಷ ಊರಲ್ಲಿ ಅವರ ಬೀದಿಯ ಏಳು ಮನೆಗಳಿಗೂ ಬೀಗ ಬಿದ್ದಿತ್ತು. ಹನುಮಂತ, ಅವನ ಹೆಂಡತಿ ಲಕ್ಕಮ್ಮ, ಅವಳ ಅತ್ತೆ ಕೆಂಚಜ್ಜಿ, ಮೂವರೂ ಇಲ್ಲೇ. ಬೀಜ ಕಾಯುವುದು ಆ ಮನೆಯಲ್ಲಿ ಅಜ್ಜಿಯ ಕೆಲಸ. ಅಜ್ಜಿ ಬಂದಳು ಎಂದ ಮೇಲೆ ಬೀಜವೂ ಬಂದಿತು.

ಶೆಡ್ಡಿನಲ್ಲಿ ಇಲಿ ಕಾಟ. ನಮ್ಮ ನಲ್ಲಿಗೆ ನೀರಿಗೆ ಬರುತ್ತಿದ್ದ ಲಕ್ಕಮ್ಮ, ಬಿತ್ತನೆ ರಾಗಿಯ ಮೂಟೆಯನ್ನು ನಮ್ಮ ಅಟ್ಟದ ಮೇಲೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಹದಿನೈದು ಸೇರು. ಅದಕ್ಕೇನಂತೆ, ಇಡು ಎಂದೆ. ದಾವಣಗೆರೆ ಪೇಟೆಯಲ್ಲಿ ಬೆಳೆದ ನನಗೆ ರಾಗಿಯೇ ಹೊಸದು. ಬಿತ್ತುವ ರಾಗಿ ಬೇರೆ, ತಿನ್ನುವ ರಾಗಿ ಬೇರೆ ಎಂಬುದು ತಲೆಗೇ ಹೋಗಲಿಲ್ಲ.

ಯುಗಾದಿಗೆ ಮನೆ ಗುಡಿಸಿ ಸಾರಿಸುವಾಗ ಮೂಟೆ ಇಳಿಸಿದೆ. ಕೈಗೆಲ್ಲ ಬೂದಿ ಮೆತ್ತಿಕೊಂಡಿತು. ಒಳಗೆ ಒಣಗಿದ ಬೇವಿನೆಲೆ. ಪಾಪ, ಬಡವರು, ಒಲೆ ಪಕ್ಕ ಇಟ್ಟಿದ್ದಾರೆ, ಕಸ ಬಿದ್ದಿದೆ ಅಂದುಕೊಂಡೆ. ಹಬ್ಬಕ್ಕೆ ಅವರಿಗೊಂದು ಉಪಕಾರವಾಗಲಿ ಎಂದು ಮೂರು ನೀರಿನಲ್ಲಿ ತೊಳೆದು ಎರಡು ಬುಟ್ಟಿಗೆ ಬಸಿದೆ. ಮಾರನೆಯ ದಿನ ಮೋಡ. ಬಿಸಿಲೇ ಬರಲಿಲ್ಲ. ಮೂರನೆಯ ಬೆಳಿಗ್ಗೆ ನೋಡಿದರೆ ಒಂದು ಬುಟ್ಟಿಯೊಳಗೆ ಅಲ್ಲಲ್ಲಿ ಬಿಳಿ ಮೊನೆ. ತಾರಸಿಯ ಮೇಲೆ ಎರಡು ದಿನ ಚೆನ್ನಾಗಿ ಒಣಗಿಸಿ ತುಂಬಿಟ್ಟೆ.

ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಹಳ್ಳಿಯಲ್ಲಿ ಬೆಳೆದವರು. ತುತ್ತು ಕೈಯಲ್ಲೇ ನಿಂತಿತು.

"ನಿನಗೆ ತೊಳೆಯೋಕೆ ಬೇರೇನೂ ಸಿಗಲಿಲ್ವೇನೇ? ಬೂದಿ ಹಾಕಿದ್ದೇ ಹುಳ ಬೀಳದಿರಲಿ ಅಂತ. ಒಂದು ಸಲ ಮೊಳೆತು ಒಣಗಿದ ಬೀಜ ಮತ್ತೆ ಹುಟ್ಟುತ್ತಾ?"

ಅಂದಿನಿಂದ ಶುರುವಾಯಿತು ನನ್ನ ಹೆದರಿಕೆ. ಬೆಳಿಗ್ಗೆ ನಲ್ಲಿ ಹತ್ತಿರ ಲಕ್ಕಮ್ಮನ ಕೊಡದ ಸದ್ದು ಕೇಳಿದರೆ ಒಳಗೇ ಉಳಿಯುತ್ತಿದ್ದೆ. ಲಿಂಗಪೂಜೆಗೆ ಕೂತು ವಿಭೂತಿ ಮುಟ್ಟಿದರೆ ಆ ಬೂದಿಯೇ ಕಣ್ಣಿಗೆ ಬರುತ್ತಿತ್ತು. ಎರಡು ತಿಂಗಳು ಬಾಯಿ ಬಿಡಲಿಲ್ಲ. ಮಳೆಯೇ ತಡವಾಗಲಿ ಎಂದೂ ಒಮ್ಮೆ ಬೇಡಿಕೊಂಡೆ. ಆಮೇಲೆ ಅದಕ್ಕೂ ಹೆದರಿ, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡೆ.

ರೋಹಿಣಿ ಮಳೆ ಹಿಡಿದ ಮಾರನೆಯ ದಿನ ಲಕ್ಕಮ್ಮ, ಕೆಂಚಜ್ಜಿ ಇಬ್ಬರೂ ಮೂಟೆ ಒಯ್ಯಲು ಬಂದರು. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ. ಲಕ್ಕಮ್ಮ ಕಂಬ ಹಿಡಿದು ಕೂತಳು.

"ಕೈಗಡ ತರಾಕೆ ಊರಲ್ಲಿ ನಮ್ ಬೀದೀಲಿ ಯಾರವ್ರೆ ಅಮ್ಮಾವ್ರೇ? ಏಳು ಮನೆಯೋರೂ ಇಲ್ಲೇ ಅವ್ರೆ."

ಮೊದಲಾದರೆ ಒಬ್ಬರ ಬೀಜ ಕೆಟ್ಟರೆ ಪಕ್ಕದ ಮನೆಯಿಂದ ತರುತ್ತಿದ್ದರಂತೆ. ಈಗ ಎಲ್ಲರೂ ಅಳೆದು ತಮಗಾಗುವಷ್ಟೇ ಕಟ್ಟಿಕೊಂಡು ಬಂದಿದ್ದರು. ಅಂಗಡಿಯ ರಾಗಿ ಯಾವ ತಳಿಯೋ, ಎಷ್ಟು ವರ್ಷದ್ದೋ. ಇದರ ಮೇಲೆ ಮೇಸ್ತ್ರಿ ಬೇರೆ ಹನುಮಂತನನ್ನು ಹಿಡಿದಿದ್ದ. ಊರಿಗೆ ಯಾಕೆ, ವರ್ಷವಿಡೀ ಕೆಲಸ ಕೊಡುತ್ತೇನೆ, ಇಲ್ಲೇ ಇದ್ದುಬಿಡು ಎನ್ನುತ್ತಿದ್ದ. ಬೀಜವೇ ಇಲ್ಲದ ಮೇಲೆ ಹೊಲಕ್ಕೆ ಹೋಗಿ ಮಾಡುವುದೇನು ಎಂದು ಹನುಮಂತನೂ ಅಂದ. ಒಂದು ವರ್ಷ ಬಿತ್ತದೆ ಉಳಿದವರು ಮತ್ತೆ ಹೋಗುವುದಿಲ್ಲವೆಂದು ಲಕ್ಕಮ್ಮನಿಗೆ ಗೊತ್ತಿತ್ತು. ಮೂರೆಕರೆ ಹೊಲ ಬೀಳಾದರೆ ಅದು ನನ್ನ ಕೈಯಿಂದ ಎಂದು ನನಗೂ ಗೊತ್ತಾಯಿತು.

ಕೆಂಚಜ್ಜಿ ಮಾತ್ರ ಬೈಯಲಿಲ್ಲ. ಒಂದು ಹಿಡಿ ರಾಗಿ ಮೂಸಿದಳು, ಹಲ್ಲಿನಲ್ಲಿ ಕಚ್ಚಿದಳು. ನನ್ನಿಂದ ಒದ್ದೆ ಬಟ್ಟೆ ಕೇಳಿ, ಇಪ್ಪತ್ತಿಪ್ಪತ್ತರಂತೆ ಐದು ಸಲ ಕಾಳು ಎಣಿಸಿ ಹಾಕಿಸಿ, ಸುತ್ತಿ ಕಟ್ಟಿದಳು.

"ದೀಪದ ಪಕ್ಕ ಇಕ್ಕು ತಾಯಿ, ಬೆಚ್ಚಗಿರ್ತದೆ. ಮೂರು ದಿನ ಬಿಚ್ಚಬ್ಯಾಡ. ನಿಂಗೆ ಕೈ ಸುಮ್ನಿರಲ್ಲ, ಗೊತ್ತೈತೆ."

ಮೂರು ದಿನ. ಅಲ್ಲಿ ಊರಲ್ಲಿ ಹೊಲದ ಹದ ಆರುತ್ತಿತ್ತು, ಇಲ್ಲಿ ದೀಪದ ಪಕ್ಕ ಆ ಗಂಟು. ಒಣಗದಂತೆ ಗಂಟಿನ ಮೇಲೇ ನೀರು ಚಿಮುಕಿಸುವಾಗೆಲ್ಲ ಒಂದೇ ಅನುಮಾನ. ಹೆಚ್ಚಾಯಿತೇ? ಕಡಿಮೆಯಾಯಿತೇ? ಎಲ್ಲವೂ ಬೇಡ ಶಿವನೇ, ಅರ್ಧವಾದರೂ ಕೊಡು ಎಂದು ಚೌಕಾಸಿಗೆ ಇಳಿದೆ.

ನಾಲ್ಕನೆಯ ಬೆಳಿಗ್ಗೆ ಅಜ್ಜಿಯೇ ಗಂಟು ಬಿಚ್ಚಿದಳು. ಲಕ್ಕಮ್ಮ ಎಣಿಸಿದಳು. ಹನುಮಂತ ಗೇಟಿನ ಹೊರಗೆ ಬೆನ್ನು ಹಾಕಿ ನಿಂತಿದ್ದ. ಐವತ್ತೆಂಟು ಕಾಳು ಮೊಳೆತಿದ್ದವು. ನಲವತ್ತೆರಡು ಸತ್ತಿದ್ದವು.

"ದಟ್ಟವಾಗಿ ಬಿತ್ತಿದ್ರೆ ಎರಡೆಕರೆಗೆ ಸಾಕು" ಅಂದಳು ಅಜ್ಜಿ. ಆಮೇಲೆ ಗೇಟಿನ ಕಡೆ ತಿರುಗಿ, "ಲೇ ಹನುಮ, ಮೂಟೆ ಹೊರು."

ಅವತ್ತೇ ಹೊರಟರು. ಒಂದೆಕರೆ ಬೀಳುಬಿತ್ತು, ಅದು ನನ್ನ ಪಾಲಿನದು. ಎರಡೆಕರೆ ಉಳಿಯಿತಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಸಂಕ್ರಾಂತಿ ಕಳೆದ ಮೇಲೆ ಹನುಮಂತ, ಲಕ್ಕಮ್ಮ ಮತ್ತೆ ಬಂದರು. ಕೆಂಚಜ್ಜಿ ಬಂದಿರಲಿಲ್ಲ. ಅಜ್ಜಿ ಎಲ್ಲಿ ಎಂದು ಹೆದರುತ್ತಲೇ ಕೇಳಿದರೆ ಲಕ್ಕಮ್ಮ ನಕ್ಕಳು. ಬೀದಿಯವರೆಲ್ಲ ಕೂತು ಮಾತಾಡಿಕೊಂಡಿದ್ದರಂತೆ. ಇನ್ನು ಮೇಲೆ ಎರಡು ಮನೆಗೆ ಬೀಗ ಹಾಕುವುದಿಲ್ಲ, ಏಳು ಮನೆಯ ಬೀಜವೂ ಅಜ್ಜಿಯ ವಶ. "ನಮ್ಮನ್ನೇ ಆ ಬೀಜದ ಕ್ವಾಣೆಗೆ ಬಿಡಲ್ಲ" ಅಂದಳು. ಆಮೇಲೆ ಸೆರಗಿನ ಮರೆಯಿಂದ ಎರಡು ಸೇರಿನ ಒಂದು ಗಂಟು ತೆಗೆದಿಟ್ಟಳು.

"ಹೊಸ ರಾಗಿ ಅಮ್ಮಾವ್ರೇ. ಇದು ತಿನ್ನಾದು, ಬೇಕಾದಂಗೆ ತೊಳ್ಕೊಳ್ಳಲಿ ಅಂತ ನಮ್ಮತ್ತೆ ಹೇಳಿ ಕಳಿಸವ್ರೆ."

ಇನ್ನೊಬ್ಬರ ವಸ್ತು ನಮ್ಮ ಅಟ್ಟದ ಮೇಲಿದ್ದರೂ ಅದರ ಕೆಲಸ ಏನೆಂದು ಬಲ್ಲವರು ಅವರೇ. ನನ್ನ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಆ ಎರಡು ಸೇರನ್ನು ನೀರಿಗೆ ಹಾಕುವ ಮುಂಚೆ ಲಕ್ಕಮ್ಮನನ್ನು ಕರೆದು ಇನ್ನೊಂದು ಸಲ ಕೇಳಿಯೇ ಹಾಕಿದೆ.